ಸೂಚಿಯಲ್ಲಿ ಇಲ್ಲದವರು

ಆ ವರದಿಯನ್ನು ಯಾರೂ ಓದಿರಲಿಲ್ಲ. ಆರುನೂರ ನಲವತ್ತು ಪುಟ. ಬಿಡುಗಡೆಯ ದಿನ ಮಂತ್ರಿ ಅದರ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡ. ಆಯೋಗದ ಅಧ್ಯಕ್ಷ ಎದೆಗವಚಿಕೊಂಡು ತೆಗೆಸಿಕೊಂಡ. ಪತ್ರಿಕೆಯವರು ಎರಡು ಪುಟದ ಸಾರಾಂಶ ಎತ್ತಿಕೊಂಡು ಮನೆಗೆ ಹೋದರು. ಬಣ್ಣದ ಕಾರ್ಖಾನೆಯಲ್ಲಿ ವಿಷಾನಿಲ ಸೋರಿದ ಆ ಮಧ್ಯಾಹ್ನ ಒಳಗಿದ್ದವರು ಯಾರು, ಯಾವ ಬಾಗಿಲಿಗೆ ಬೀಗ ಬಿದ್ದಿತ್ತು, ಯಾರು ಎಷ್ಟು ಹೊತ್ತು ನೆಲಕ್ಕೆ ಮುಖ ಒತ್ತಿ ಬಿದ್ದಿದ್ದರು, ಎಲ್ಲ ಅದರೊಳಗಿತ್ತು. ಹೂತಿಟ್ಟ ಹಾಗೆ ಇತ್ತು.

ಜನಕ್ಕೆ ಬೇಕಾದದ್ದು ಕೊನೆಯ ಇಪ್ಪತ್ತೆರಡು ಪುಟ ಮಾತ್ರ: ಹೆಸರುಗಳ ಅಕಾರಾದಿ ಸೂಚಿ. ಅಂದು ಒಳಗಿದ್ದವರೆಲ್ಲರ ಶ್ವಾಸಕೋಶದ ಚಿಕಿತ್ಸೆ ಸರ್ಕಾರದ್ದು ಎಂದು ಆದೇಶವಾಗಿತ್ತು. ಆಸ್ಪತ್ರೆಯ ಕೌಂಟರಿನವರಿಗೆ ಆರುನೂರು ಪುಟ ತಿರುವಲು ಪುರುಸೊತ್ತೆಲ್ಲಿ? ಅವರು ಸೂಚಿಯನ್ನಷ್ಟೇ ಪುಸ್ತಕದಿಂದ ಕಿತ್ತು, ಒಂದೊಂದು ಹಾಳೆಗೂ ಲ್ಯಾಮಿನೇಶನ್ ಮಾಡಿಸಿ, ದಾರ ಪೋಣಿಸಿ ಕಿಟಕಿಯ ಪಕ್ಕ ನೇತುಹಾಕಿದರು. ಉಳಿದ ಪುಸ್ತಕ ಕುಂಟುವ ಮೇಜಿನ ಕಾಲಿನ ಕೆಳಗೆ ಸೇರಿ ಮೊದಲ ಬಾರಿಗೆ ಯಾವುದೋ ಉಪಯೋಗಕ್ಕೆ ಬಂತು. ಹೆಸರು ಸೂಚಿಯಲ್ಲಿದ್ದರೆ ಒಳಗೆ. ಇಲ್ಲದಿದ್ದರೆ ಬಂದ ದಾರಿ.

ಅತ್ತಿಗೆ ಬಂದ ದಾರಿ ಹಿಡಿದು ಮನೆಗೆ ಬಂದಳು. ಅರ್ಜಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಸಾಕಿ, ಗೋಡೆಗೆ ಕೈಕೊಟ್ಟು ನಿಂತು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ನಾದಿನಿಯ ಕಡೆ ತಿರುಗಿದಳು.

"ನಿನ್ನ ಪುಸ್ತಕದಲ್ಲಿ ನಾನಿಲ್ವಂತೆ ಕಣೇ."

ನಾದಿನಿ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಪುಟ ಕಟ್ಟುವವಳು. ಹದಿನೆಂಟು ವರ್ಷದ ಕೆಲಸ. ಅಲ್ಲಿ ಎಲ್ಲರ ಬಾಯಲ್ಲಿ ಅವಳು ಪುಟದಕ್ಕ. ಆ ವರದಿಯ ಪುಟಗಳನ್ನು ಕಟ್ಟಿದವಳೂ ಅವಳೇ, ಸೂಚಿ ತೆಗೆದವಳೂ ಅವಳೇ.

"ಅದು ನನ್ನ ಪುಸ್ತಕ ಅಲ್ಲ ಅತ್ತಿಗೆ, ಆಯೋಗದ್ದು."

"ಬಿಡುಗಡೆ ದಿನ ನಮ್ಮ ಪುಸ್ತಕ ಅಂತ ಬೀದಿಗೆಲ್ಲ ಸಾರಿದೆ. ಈಗ ಆಯೋಗದ್ದಾಯ್ತಾ?"

"ಕೌಂಟರಿನವನು ಸರಿಯಾಗಿ ನೋಡಿದ್ನಾ?"

"ಬೆರಳಿಟ್ಟು ನೋಡ್ದ. ಕಂಪ್ಯೂಟರ್ ಮಾಡಿದ ಲಿಸ್ಟು, ತಪ್ಪಾಗಲ್ಲಮ್ಮ ಅಂದ. ಆವತ್ತು ಕಂಪ್ಯೂಟರ್ ಒಳಗಿತ್ತೇನಪ್ಪಾ, ನಾನು ನೋಡ್ಲೇ ಇಲ್ವಲ್ಲ ಅಂದೆ. ಮುಂದಿನವರು ಬನ್ನಿ ಅಂದ." ಅತ್ತಿಗೆ ಸ್ಟೂಲಿನ ಮೇಲೆ ಕೂತಳು. "ನಾನೊಬ್ಳೇ ಅಲ್ಲ. ಗುತ್ತಿಗೆಯವರು ಒಬ್ರೂ ಇಲ್ಲ ಅದ್ರಲ್ಲಿ. ಪರ್ಮನೆಂಟಿನವರು ಅಷ್ಟೂ ಜನ ಇದಾರೆ. ಆಫೀಸಲ್ಲಿ ಫ್ಯಾನ್ ಕೆಳಗೆ ಕೂತು ಕಿಟಕಿಯಿಂದ ನೋಡಿದವರೂ ಇದಾರೆ. ಟ್ಯಾಂಕಿನ ಬುಡ ಗುಡಿಸ್ತಿದ್ದೋರು ನಾವು, ನಾವಿಲ್ಲ."

ತಿಂಗಳೊಳಗೆ ಚಿಕಿತ್ಸೆ ಶುರುವಾಗದಿದ್ದರೆ ಎಡಗಡೆಯ ಶ್ವಾಸಕೋಶ ಹೋದಂತೆಯೇ ಎಂದು ವೈದ್ಯೆ ಹೇಳಿದ್ದಳು. ಆ ತಿಂಗಳಲ್ಲಿ ಇನ್ನು ಒಂಬತ್ತು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಪುಟದಕ್ಕ ಎಲ್ಲರಿಗಿಂತ ಮುಂಚೆ ಹೋಗಿ ಕಂಪ್ಯೂಟರ್ ಹಾಕಿ ವರದಿಯ ಪುಟಗಳನ್ನು ತೆರೆದಳು. ಮುನ್ನೂರ ಹದಿನೆಂಟನೆಯ ಪುಟದಲ್ಲಿ ಅತ್ತಿಗೆಯ ಹೆಸರು ಇತ್ತು. ಅವಳ ಹೇಳಿಕೆಯೂ ಇತ್ತು, ಅವಳದೇ ಮಾತಿನಲ್ಲಿ. ಸೂಚಿಯಲ್ಲಿ ಮಾತ್ರ ಆ ಹೆಸರಿರಬೇಕಾದ ಜಾಗದಲ್ಲಿ, ಮೇಲಿನ ಹೆಸರಿಗೂ ಕೆಳಗಿನ ಹೆಸರಿಗೂ ನಡುವೆ, ಕೂದಲೆಳೆಯಷ್ಟೂ ಸಂದಿರಲಿಲ್ಲ. ಅಷ್ಟು ಅಚ್ಚುಕಟ್ಟು.

ಕಾರ್ಖಾನೆಯ ಗೇಟಿನ ರಿಜಿಸ್ಟರಿನಲ್ಲಿ ಕಾಯಂ ನೌಕರರಿಗೆ ಹೆಸರಷ್ಟೇ ಇತ್ತು. ಗುತ್ತಿಗೆಯವರಿಗೆ ಹಾಗಲ್ಲ: ಮೊದಲು ಅವರ ಹೆಸರು, ಆಮೇಲೆ ಇಮೇಲ್ ವಿಳಾಸದ ನಡುವೆ ಬರುತ್ತದಲ್ಲ ಆ ಸುರುಳಿ ಚಿಹ್ನೆ, ಆಮೇಲೆ ಗುತ್ತಿಗೆದಾರನ ಸಂಸ್ಥೆಯ ಹೆಸರು. ಯಾರ ಮಂದೆಯ ದನ ಎಂದು ಗೊತ್ತಾಗಲು ತೊಡೆಗೆ ಬರೆ ಎಳೆಯುವ ಹಾಗೆ. ಆಯೋಗದವರು ಅದನ್ನು ಒಂದಕ್ಷರ ಬಿಡದೆ ನಕಲು ಮಾಡಿ ವರದಿಗಿಳಿಸಿದ್ದರು. ಅವರು ಒಂದಕ್ಷರ ಬಿಡದೆ ಮಾಡಿದ ಕೆಲಸ ಅದೊಂದೇ.

ಸೂಚಿ ತೆಗೆಯುವ ತಂತ್ರಾಂಶ ಹೊಸದು. ಪುಟಗಳಲ್ಲಿ ಗುರುತು ಮಾಡಿದ ಹೆಸರುಗಳನ್ನೆಲ್ಲ ಹೆಕ್ಕಿ, ಅಕಾರಾದಿಯಾಗಿ ಜೋಡಿಸಿ, ಮುಂದೆ ಪುಟಸಂಖ್ಯೆ ಬರೆಯುತ್ತದೆ. ಆದರೆ ಅದಕ್ಕೆ ಕೆಲವು ಚಿಹ್ನೆಗಳು ಬರೀ ಚಿಹ್ನೆಗಳಲ್ಲ, ಅಪ್ಪಣೆಗಳು. ಸುರುಳಿ ಕಂಡರೆ ಅದು ಹೀಗೆ ತಿಳಿಯುತ್ತದೆ: ಎಡಗಡೆ ಇರುವುದು ಜಾಗ ಹುಡುಕಲು ಮಾತ್ರ, ಅಚ್ಚು ಮಾಡಬೇಕಾದ್ದು ಬಲಗಡೆ ಇರುವುದನ್ನು.

ಅಂದರೆ ಅರವತ್ತೊಂದು ಜನರ ಹೆಸರು ಗುತ್ತಿಗೆದಾರನಿಗೆ ಜಾಗ ತೋರಿಸಿಕೊಟ್ಟು ಮಾಯವಾಗಿದ್ದವು.

ಇಷ್ಟು ತಿಳಿಯುವ ಹೊತ್ತಿಗೆ ಪುಟದಕ್ಕನಿಗೆ ಇನ್ನೊಂದು ವಿಷಯ ನೆನಪಾಯಿತು. ಮೊದಲ ಸಲ ಸೂಚಿ ತೆಗೆದಾಗ ಅವಳು ಅದನ್ನು ಕಂಡಿದ್ದಳು. ಗುತ್ತಿಗೆದಾರನ ಸಂಸ್ಥೆಯ ಹೆಸರು ಅ ಅಕ್ಷರದಲ್ಲೊಮ್ಮೆ, ಕ ದಲ್ಲಿ ನಾಲ್ಕು ಸಲ, ಮ ದಲ್ಲಿ ಹನ್ನೊಂದು ಸಲ, ಹೀಗೆ ಕಂಡಕಂಡಲ್ಲಿ ತಲೆಯೆತ್ತಿತ್ತು. ಅವರ ಮುದ್ರಣಾಲಯದಲ್ಲಿ ಒಂದು ಪದ್ಧತಿ: ಸೂಚಿಯಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಕೂಡಿಸಿ ಒಂದು ಮಾಡು. ಒಳಪುಟ ತೆರೆದು ನೋಡುವ ಹಾಗಿಲ್ಲ, ಅದಕ್ಕೆ ಹೊತ್ತಿಲ್ಲ. ಅವಳು ಅರವತ್ತು ಸಾಲುಗಳನ್ನು ಒಂದೊಂದಾಗಿ ಅಳಿಸಿ, ಪುಟಸಂಖ್ಯೆಗಳನ್ನೆಲ್ಲ ಒಂದೇ ಸಾಲಿಗೆ ಪೋಣಿಸಿದ್ದಳು. ಇಡೀ ಸೂಚಿಯಲ್ಲಿ ಅತಿ ಉದ್ದದ ಸಾಲು ಅವನದಾಯಿತು. ಯಜಮಾನ ನೋಡಿ, "ಕನ್ನಡಿ ಥರ ಇದೆ" ಎಂದಿದ್ದ. ಅವಳು ಬೀಗಿದ್ದಳು. ಕನ್ನಡಿಯಂತೆ! ಮನುಷ್ಯರನ್ನು ಒರೆಸಿ ಒರೆಸಿ ಹೊಳಪು ತಂದವಳಿಗೆ ಆ ಮಾತು ಅದೆಷ್ಟು ಸಿಹಿಯಾಗಿತ್ತು.

ಅವಳು ತಂತ್ರಾಂಶ ಮಾರಿದವನಿಗೆ ಫೋನು ಹಚ್ಚಿದಳು. ಯಾವ ತೊಂದರೆ ಹೇಳಿದರೂ ಅಪ್‌ಡೇಟ್ ಮಾಡಿ ಎನ್ನುತ್ತಿದ್ದುದರಿಂದ ಮುದ್ರಣಾಲಯದಲ್ಲಿ ಅವನ ಹೆಸರು ಅಪ್‌ಡೇಟಪ್ಪ.

"ಮೇಡಂ, ಅಪ್‌ಡೇಟ್ ಮಾಡಿದೀರಾ?"

"ಮಾಡಿದೀನಿ. ಅರವತ್ತೊಂದು ಹೆಸರು ಬಿಟ್ಟುಹೋಗಿವೆ."

"ಬಿಟ್ಟುಹೋಗಿಲ್ಲ ಮೇಡಂ, ವಿಂಗಡಣೆಯ ಕೀಲಿಗಳಾಗಿವೆ."

"ಏನಂದ್ರಿ?"

"ಕೀಲಿ. ಸಾರ್ಟ್ ಆಗೋಕೆ ಬಳಸ್ತೀವಲ್ಲ. ಕೆಲಸ ಮಾಡಿವೆ ಅವು, ಕಾಣಿಸಲ್ಲ ಅಷ್ಟೆ."

"ಅವರ ಇಡೀ ಬದುಕೇ ಅದು ಕಣಪ್ಪಾ. ಪರಿಹಾರ ಹೇಳಿ."

"ಸಿಂಪಲ್. ಸುರುಳಿಗೆ ಮುಂಚೆ ಒಂದು ಉದ್ಧರಣ ಚಿಹ್ನೆ ಹಾಕಿ. ಆಗ ಅದು ಅಪ್ಪಣೆ ಅಲ್ಲ, ಬರೀ ಗುರುತು ಅಂತ ತಿಳ್ಕೊಳತ್ತೆ. ಕೈಪಿಡಿಯ ನೂರ ನಾಲ್ಕನೇ ಪುಟದಲ್ಲಿದೆ. ಯಾರೂ ಓದಲ್ಲ." ಅವನ ದನಿಯಲ್ಲಿ ನಿಜವಾದ ನೋವಿತ್ತು. ಶ್ವಾಸಕೋಶಗಳಿಗಾಗಿ ಅಲ್ಲ, ಕೈಪಿಡಿಗಾಗಿ.

ಹಾಕಿದಳು. ಒಂದು ಸಲಕ್ಕೆ ಎಲ್ಲ ಕಡೆ ಹುಡುಕಿ ಬದಲಿಸುವ ಕೆಲಸ. ಚಹಾ ಆರುವ ಮೊದಲೇ ಮುಗಿಯಿತು. ಸೂಚಿ ಮತ್ತೆ ತೆಗೆದಳು. ಬಿಗಿಯಾಗಿ ನಿಂತಿದ್ದ ಸಾಲುಗಳು ಸರಿದು ದಾರಿ ಬಿಟ್ಟವು; ಅತ್ತಿಗೆ ಬಂದಳು, ಅವಳ ಹಿಂದೆ ಗುಂಪಿನವರೆಲ್ಲ ಬಂದರು. ಇಷ್ಟೇ. ಇಷ್ಟಕ್ಕೆ ಒಬ್ಬಳ ಎಡಗಡೆಯ ಶ್ವಾಸಕೋಶ ಹೊರಗಿನ ಬೆಂಚಿನ ಮೇಲೆ ಕಾದಿತ್ತು.

ಸರಿಪಡಿಸುವುದು ಸುಲಭ. ಸರಿಯಾಗಿದೆ ಎಂದು ಹೇಳಿಸುವುದು ಕಷ್ಟ. ಪುಸ್ತಕ ಅಚ್ಚಾಗಿ ಹಂಚಿಕೆಯಾಗಿತ್ತು. ಇನ್ನು ತಪ್ಪು-ಒಪ್ಪು ಚೀಟಿಯೊಂದೇ ದಾರಿ. ಅದಕ್ಕೆ ಆಯೋಗದ ಕಾರ್ಯದರ್ಶಿಯ ರುಜು ಬೇಕು.

ಕಾರ್ಯದರ್ಶಿ ಮಧ್ಯಾಹ್ನ ಯಜಮಾನನ ಕೋಣೆಗೆ ಬಂದ. ಇಸ್ತ್ರಿ ಮಾಡಿದ ಮನುಷ್ಯ. ಅಂಗಿ ಅಷ್ಟೇ ಅಲ್ಲ, ಮುಖವೂ. ಪುಟದಕ್ಕ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದ.

"ಮರುಮುದ್ರಣದಲ್ಲಿ ನೋಡೋಣಮ್ಮ."

"ಮರುಮುದ್ರಣ ಯಾವಾಗ ಸಾರ್?"

"ಪ್ರತಿಗಳು ಮುಗಿದ ಮೇಲೆ."

"ಯಾರೂ ಓದ್ತಿಲ್ಲ ಸಾರ್, ಹೇಗೆ ಮುಗೀತಾವೆ?"

ಯಜಮಾನ ಕೆಮ್ಮಿದ. ಅವನದು ಆರೋಗ್ಯವಂತ ಕೆಮ್ಮು, ಸುಮ್ಮನಿರು ಎನ್ನುವ ಕೆಮ್ಮು.

"ನೋಡಮ್ಮ," ಕಾರ್ಯದರ್ಶಿ ತಾಳ್ಮೆಯನ್ನು ತಟ್ಟೆಯಲ್ಲಿಟ್ಟು ಕೊಡುವವನಂತೆ ಹೇಳಿದ, "ಚೀಟಿ ಹೊರಡಿಸಬೇಕಾದ್ರೆ ತಪ್ಪು ಯಾರದ್ದು ಅಂತ ಬರೀಬೇಕು. ಅದು ನಿಯಮ. ಆಯೋಗದ ತಪ್ಪು ಅಂತ ಬರೆಯೋಕಾಗಲ್ಲ, ಆಯೋಗ ವಿಸರ್ಜನೆಯಾಗಿದೆ. ಇಲ್ಲದೇ ಇರೋರು ಹೇಗೆ ತಪ್ಪು ಮಾಡ್ತಾರೆ?"

"ತಂತ್ರಾಂಶದ ದೋಷ ಅಂತ ಬರೆದ್ರೆ?" ಯಜಮಾನ ಕೇಳಿದ.

ಆ ತಂತ್ರಾಂಶವನ್ನೇ ಕೊಳ್ಳಬೇಕೆಂದು ಶಿಫಾರಸು ಮಾಡಿದವನು ಕಾರ್ಯದರ್ಶಿ. ಅವನು ಕನ್ನಡಕವನ್ನು ಇನ್ನೊಮ್ಮೆ ಒರೆಸಿದ. "ತಂತ್ರಾಂಶಕ್ಕೆ ರುಜು ಹಾಕೋಕೆ ಬರಲ್ವಲ್ಲ. ಮುದ್ರಣಾಲಯದ ತಪ್ಪು ಅನ್ನಬಹುದು."

"ಅಯ್ಯೋ, ಮುಂದಿನ ಟೆಂಡರ್‌ಗೆ ಕಲ್ಲು ಬೀಳತ್ತೆ ಸಾರ್."

ಇಬ್ಬರೂ ಸೂರು ನೋಡಿದರು. ಅರವತ್ತೊಂದು ಜನರ ಉಸಿರು ಹಿಡಿದುಕೊಂಡು ಇಬ್ಬರು ಗಂಡಸರು ಸೂರು ನೋಡುತ್ತಿದ್ದ ಆ ನೋಟವನ್ನು ಯಾರಾದರೂ ಫೋಟೊ ತೆಗೆದು ವರದಿಯ ಮುಖಪುಟಕ್ಕೆ ಹಾಕಬೇಕಿತ್ತು.

"ನನ್ನ ತಪ್ಪು ಅಂತ ಬರೀತೀನಿ," ಎಂದಳು ಪುಟದಕ್ಕ.

ಕಾರ್ಯದರ್ಶಿಯ ಪೆನ್ನು ಜೇಬಿನಿಂದ ಎದ್ದ ವೇಗ ನೋಡಬೇಕಿತ್ತು. ಯಜಮಾನ ಕುರ್ಚಿ ಎಳೆದುಕೊಟ್ಟ. ಹದಿನೆಂಟು ವರ್ಷದಲ್ಲಿ ಮೊದಲ ಸಲ. "ನಿಮ್ಮಂಥ ಪ್ರಾಮಾಣಿಕರು ಸಿಗೋದು ಕಷ್ಟಮ್ಮ," ಎಂದ ಕಾರ್ಯದರ್ಶಿ. ಯಜಮಾನ ಹೌದೆಂದು ತಲೆಯಾಡಿಸಿ, ಸೋಮವಾರದಿಂದ ಅವಳು ಬರಬೇಕಾಗಿಲ್ಲ ಎಂದು ಅದೇ ಉಸಿರಿನಲ್ಲಿ, ಬಹಳ ಮರ್ಯಾದೆಯಿಂದ ಹೇಳಿದ. ಹೀಗಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ಒಕ್ಕಣೆ ನಾನೇ ಬರೀತೀನಿ," ಎಂದಳು.

"ಧಾರಾಳವಾಗಿ."

ಅವಳು ಬರೆದಳು: 'ಸೂಚಿಯ ಹತ್ತೊಂಬತ್ತನೆಯ ಪುಟದಲ್ಲಿ ಗುತ್ತಿಗೆದಾರನ ಸಂಸ್ಥೆಯ ಹೆಸರಿನ ಮುಂದೆ ಕೊಟ್ಟ ಪುಟಸಂಖ್ಯೆಗಳು ಅವನವಲ್ಲ. ಕೆಳಗಿನ ಅರವತ್ತೊಂದು ಜನರವು. ಅನಿಲ ಸೋರಿದಾಗ ಇವರು ಒಳಗಿದ್ದರು, ಅವನು ಇರಲಿಲ್ಲ. ಇವರ ಹೆಸರು ನುಂಗಿ, ದುಡಿಸಿದವನ ಹೆಸರು ಕಕ್ಕುವುದನ್ನು ಯಂತ್ರ ಕಾರ್ಖಾನೆಯಿಂದ ಕಲಿತಿತು. ಅದನ್ನು ಕಂಡೂ, ಅಂದವಾಗಲಿ ಎಂದು ಒರೆಸಿದವಳು ನಾನು.' ಕೆಳಗೆ ಅರವತ್ತೊಂದು ಹೆಸರು. ಅದರ ಕೆಳಗೆ ಅವಳ ರುಜು.

ಕಾರ್ಯದರ್ಶಿ ಹಾಳೆಯನ್ನು ತಿರುಗಿಸಿ ನೇರವಾಗಿ ತಳಕ್ಕೆ ಹೋದ. ಅವಳ ರುಜು ಇದೆಯೆ ಎಂದು ನೋಡಿದ. ಇತ್ತು. ಪಕ್ಕದಲ್ಲಿ 'ಹೊರಡಿಸಬಹುದು' ಎಂದು ಗೀಚಿ ಮೊಹರು ಒತ್ತಿದ. ನಡುವಿನದನ್ನು ಓದುವ ಅಭ್ಯಾಸ ಅವನಿಗೆ ವರದಿಯಲ್ಲೇ ಇರಲಿಲ್ಲ, ಚೀಟಿಯಲ್ಲಿ ಎಲ್ಲಿಂದ ಬರಬೇಕು?

ಸಂಜೆಯೊಳಗೆ ಅವಳೇ ನಿಂತು ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿದಳು. ಒಂದು ಕಟ್ಟು ಪತ್ರಿಕೆಗಳಿಗೆ, ಒಂದು ಕಟ್ಟು ಕಾರ್ಖಾನೆಯ ಗೇಟಿಗೆ, ಒಂದು ಆಸ್ಪತ್ರೆಗೆ. ಕಾರ್ಯದರ್ಶಿ ಮರುದಿನ ಪತ್ರಿಕೆಯಲ್ಲಿ ತನ್ನ ಮೊಹರು ನೋಡಿಕೊಂಡು ಯಜಮಾನನಿಗೆ ಮೂರು ಸಲ ಫೋನು ಮಾಡಿದನಂತೆ. ಮಾಡಲಿ. ಮೊಹರು ಒತ್ತಿದ ಕಾಗದವನ್ನು ಸುಳ್ಳೆನ್ನಲು ಇನ್ನೊಂದು ಮೊಹರು ಬೇಕು, ಅದಕ್ಕೆ ತಪ್ಪು ಯಾರದೆಂದು ಬರೆಯಬೇಕು.

ಕೌಂಟರಿನ ಮುಂದೆ ಬೆಳಿಗ್ಗೆಯೇ ಸಾಲು ಬೆಳೆದಿತ್ತು. ಕೌಂಟರಿನವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ.

"ಇದು ಲ್ಯಾಮಿನೇಶನ್ ಆಗಿಲ್ಲ."

"ನನಗೂ ಆಗಿಲ್ಲ, ಆದ್ರೂ ನಿಂತಿದೀನಲ್ಲ," ಎಂದಳು ಅತ್ತಿಗೆ. "ಹೆಸರು ನೋಡಪ್ಪಾ."

ನೋಡಿದ. ಇತ್ತು. ಟೋಕನ್ ಹರಿದುಕೊಟ್ಟ. ಆಮೇಲೆ ಕೆಲಸ ಬೇಗ ಮುಗಿಯಲೆಂದು ಚೀಟಿಯನ್ನೇ ಹಿಡಿದು ಮೊದಲಿಂದ ಕೂಗತೊಡಗಿದ. ಒಬ್ಬೊಬ್ಬರೇ ಮುಂದೆ ಬಂದರು. ಹದಿನಾಲ್ಕನೆಯ ಹೆಸರಿಗೆ ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿದ.

"ಕೂಗಬೇಡ," ಎಂದಳು ಸಾಲಿನಲ್ಲಿದ್ದ ಮುದುಕಿ. "ಹೋದ ವಾರವೇ ಹೋದ್ಲು. ಇದೇ ಕಿಟಕಿಗೆ ಎರಡು ಸಲ ಬಂದಿದ್ಲು."

ಪುಟದಕ್ಕ ಗೋಡೆಗೆ ಒರಗಿದಳು. ಆ ಹೆಸರು ಯಾವ ಅಕ್ಷರದ ಕೆಳಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನು ಅಳಿಸಿದಾಗ ಕೆಳಗಿನ ಸಾಲು ಮೆತ್ತಗೆ ಮೇಲಕ್ಕೆ ಸರಿದದ್ದೂ ಕಣ್ಣಿಗೆ ಕಟ್ಟಿತು. ಕಾರ್ಯದರ್ಶಿ, ಯಜಮಾನ, ಅಪ್‌ಡೇಟಪ್ಪ, ಎಲ್ಲರಿಗೂ ಮನಸ್ಸಿನಲ್ಲೇ ಉಗಿದು ಬಂದವಳ ಬಾಯಲ್ಲಿ ಇನ್ನೊಬ್ಬಳಿಗೆ, ತನಗೇ, ಆಗುವಷ್ಟು ಉಗುಳು ಉಳಿದಿತ್ತು.

"ಏನೇ, ಅಲ್ಲೇ ಕಂಬ ಆಗ್ತೀಯಾ?" ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಎಕ್ಸ್‌ರೇ ಕೋಣೆಯತ್ತ ನಡೆದಳು. "ಬಾ, ಚೀಲ ಹಿಡ್ಕೋ."

ಬಾಗಿಲು ಮುಚ್ಚಿತು. ಒಳಗಿನಿಂದ ಯಾರೋ ಬೇಸರದ ದನಿಯಲ್ಲಿ ಹೇಳುವುದು ಕೇಳಿಸಿತು: "ಉಸಿರು ಪೂರ್ತಿ ಎಳ್ಕೊಳ್ಳಿ. ಹಾಗೇ ಹಿಡೀರಿ."

"ಹಿಡಿಯೋಷ್ಟು ಉಸಿರಿದ್ದಿದ್ರೆ," ಎಂದಿತು ಅತ್ತಿಗೆಯ ಗಂಟಲು, "ನಿನ್ನ ಮುಖ ನೋಡೋಕೆ ಇಲ್ಲಿಗೆ ಯಾಕೆ ಬರ್ತಿದ್ದೆ?"