ಕಡತ ವಾಪಸು ಕೇಳುವವನು

ಆಟಗಾರನನ್ನು ತಂಡದಿಂದ ತೆಗೆದಾಗ ಕೋಚ್ ತಾನೇ ಹೋಗಿ ಹೇಳುವುದಿಲ್ಲ. ಅದಕ್ಕೆ ಬೇರೆ ಆಳು ಇರುತ್ತಾನೆ. ಅವನು ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟಿ, ಪ್ಲೇಬುಕ್ ಹಿಡಿದುಕೊಂಡು ಬಾ ಎನ್ನುತ್ತಾನೆ. ತಂಡದ ತಂತ್ರಗಳೆಲ್ಲ ಇರುವ ದಪ್ಪ ಕಡತ ಅದು. ವಾಪಸು ಕೇಳಿದರೆ ಕಥೆ ಮುಗಿಯಿತು ಎಂದೇ ಅರ್ಥ.

ಬ್ರೂಲ್‌ಫೋರ್ಡ್ ಡಿಗರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆ ಆಳು ನಾನು, ವರ್ನ್. ಹೆಲ್ಮೆಟ್ ರಿಪೇರಿ, ಬಟ್ಟೆ ಒಗೆಯುವುದು, ನೀರಿನ ಡಬ್ಬ, ಎಲ್ಲ ನನ್ನದೇ. ಮುಳುಗಿಹೋದ ಎರಡು ಸಣ್ಣ ಲೀಗುಗಳಲ್ಲೂ ಇದೇ ಮಾಡಿದ್ದೆ. ಮುನ್ನೂರು ಬಾಗಿಲಾದರೂ ತಟ್ಟಿದ್ದೇನೆ. ಮೊದಮೊದಲು ಕರುಳು ಚುರುಕ್ ಎನ್ನುತ್ತಿತ್ತು. ಈಚೆಗೆ ಪೇಪರ್ ಹಾಕುವವನ ಹಾಗೆ ತಟ್ಟಿ ಮುಂದೆ ಹೋಗುತ್ತೇನೆ.

ಇದು ಆರು ಊರುಗಳ ಹೊಸ ಲೀಗು. ದೊಡ್ಡ ಲೀಗು ತಿರುಗಿಯೂ ನೋಡದ ಊರುಗಳು. ನಮ್ಮೂರಲ್ಲಿ ಇರುವುದು ಬೀಟ್ ಗೆಡ್ಡೆಯಿಂದ ಸಕ್ಕರೆ ಮಾಡುವ ಕಾರ್ಖಾನೆ ಮತ್ತು ಗಾಳಿ. ಅಭ್ಯಾಸದ ಮೂರು ವಾರ ಎಲ್ಲರನ್ನೂ ಹೆದ್ದಾರಿಯ ಮೋಟೆಲಿನಲ್ಲಿ ಇಳಿಸಿದ್ದರು. ಅವರಲ್ಲಿ ಊರಿನವನು ಗ್ಯಾರೆಟ್ ಹೆಸ್ಲರ್ ಒಬ್ಬನೇ. ಹೈಸ್ಕೂಲಿನಲ್ಲಿ ಅವನಿಗೆ ಆಟ ಕಲಿಸಿದವನು ನಾನು. ಈಗ ಮೂವತ್ತೊಂದು ವರ್ಷ. ಇದಕ್ಕೂ ಮೊದಲು ಬೇರೆ ಕಡೆ ಆರು ತಂಡಗಳು ಅವನ ಕೈಯಿಂದ ಕಡತ ವಾಪಸು ಪಡೆದಿದ್ದವು. ಬಲ ಮಂಡಿ ಕೆಟ್ಟಿತ್ತು, ಹೆಂಡತಿ ಡೆನೀಸ್‌ಗೆ ಏಳು ತಿಂಗಳಾಗಿತ್ತು. ಕಾರ್ಖಾನೆಯವರು ಸೋಮವಾರದ ತನಕ ಮಾತ್ರ ಅವನ ಕೆಲಸ ಹಿಡಿದಿಡುತ್ತೇವೆ ಎಂದಿದ್ದರು.

ಶುಕ್ರವಾರ ಅಭ್ಯಾಸ ಮುಗಿದ ಮೇಲೆ ಕೋಚ್ ಟ್ರ್ಯಾಮೆಲ್ ತೆಗೆಯಬೇಕಾದ ಒಂಬತ್ತು ಹೆಸರು ಕೊಟ್ಟ. ಗ್ಯಾರೆಟ್‌ನ ಹೆಸರು ಅದರಲ್ಲಿರಲಿಲ್ಲ. ಅವನ ಮಂಡಿ ಯಾವ ಕೆಲಸಕ್ಕೂ ಬಾರದು, ಆದರೆ ಊರ ಹುಡುಗ ಎಂದರೆ ಜನ ಬರುತ್ತಾರೆ, ಬೆಂಚಿನ ಮೇಲೆ ಕೂತಿರಲಿ ಎಂದ.

ಮಾರನೆಯ ಬೆಳಿಗ್ಗೆ ಒಂಬತ್ತು ಬಾಗಿಲು ತಟ್ಟಿದೆ. ಒಬ್ಬ ಬಚ್ಚಲಲ್ಲಿ ಅಡಗಿ ಕುಳಿತಿದ್ದ. ಕಾದೆ, ಬಂದ, ಕೊಟ್ಟ. ಉಳಿದುಕೊಂಡವರ ಬಾಗಿಲಿಗೆ ಆ ದಿನ ನಾನು ಹೋಗಬಾರದು. ಅದು ರೂಢಿ. ನಾನು ಬರಲಿಲ್ಲ ಎನ್ನುವುದೇ ಅವರಿಗೆ ಸುದ್ದಿ. ಆದರೆ ಗ್ಯಾರೆಟ್ ನನ್ನ ಹುಡುಗ, ನನ್ನ ಬಾಯಿಂದಲೇ ಕೇಳಲಿ ಎಂದು ಆಸೆಯಾಯಿತು. ಅವನ ಕೋಣೆಯ ಕಡೆ ನಡೆದೆ.

ತಟ್ಟುವ ಮೊದಲೇ ಬಾಗಿಲು ತೆರೆಯಿತು. ಚೀಲ ಕಟ್ಟಿಟ್ಟಿದ್ದ. ಕಡತ ಕೈಯಲ್ಲೇ ಇತ್ತು.

"ನಿಮ್ಮ ಬೂಟಿನ ಸದ್ದು ಮೆಟ್ಲತ್ರಾನೇ ಗೊತ್ತಾಯ್ತು ಮೇಷ್ಟ್ರೆ. ತಗೊಳ್ಳಿ."

ನಾನು ಬಾಯಿ ತೆರೆದೆ. ಅವನು ಬಿಡಲಿಲ್ಲ.

"ಒಳ್ಳೇದೇ ಆಯ್ತು ಬಿಡಿ. ಬೆಳಿಗ್ಗೆ ಗೋಡೆ ಹಿಡ್ಕೊಂಡು ಏಳ್ತೀನಿ ನಾನು. ಸೋಮವಾರ ಶಿಫ್ಟ್‌ಗೆ ಹೋಗ್ತೀನಿ. ಡೆನೀಸ್‌ಗೂ ನೆಮ್ಮದಿ. ನಿಜ ಹೇಳ್ಲಾ? ಎದೆ ಹಗುರ ಆಯ್ತು."

ಕಡತ ಕೊಟ್ಟವರೆಲ್ಲ ಹೀಗೇ ಹೇಳುತ್ತಾರೆ. ಮುನ್ನೂರು ಸಲ ಕೇಳಿ ನನಗೆ ಬಾಯಿಪಾಠವಾಗಿದೆ. ಆದರೂ ಅವತ್ತು ನಂಬಿದೆ. ಊರವರ ಎದುರು ಬೆಂಚಿನ ಮೇಲೆ ಬೊಂಬೆಯಂತೆ ಕೂರುವುದಕ್ಕಿಂತ ಕಾರ್ಖಾನೆಯ ಕೆಲಸ ಮೇಲು ಎನ್ನಿಸಿತು. ಕಡತ ತೆಗೆದುಕೊಂಡೆ.

"ಸರಿ ಕಣೋ. ಮನೆಗೆ ಹೋಗು," ಎಂದೆ.

ಅವನು ಮಂಡಿ ನೋವೆಂದು ತಾನೇ ಬಿಟ್ಟುಹೋದ ಎಂದು ಕೋಚ್‌ಗೆ ಹೇಳಿದೆ. ಕೋಚ್ ಒಂದು ಬೈಗುಳ ಬೈದು, ಬೇರೆಯವನಿಗೆ ಫೋನ್ ಮಾಡಿದ. ಕಿಟಕಿಯಿಂದ ನೋಡಿದರೆ ಗ್ಯಾರೆಟ್‌ನ ಪಿಕಪ್ ಗಾಡಿ ಇನ್ನೂ ಮೋಟೆಲಿನ ಅಂಗಳದಲ್ಲೇ ನಿಂತಿತ್ತು. ಸ್ಟೀರಿಂಗಿಗೆ ಹಣೆ ಕೊಟ್ಟು ಕುಳಿತಿದ್ದ, ಭುಜ ಅಲುಗುತ್ತಿತ್ತು. ಮುಕ್ಕಾಲು ಗಂಟೆ ಹಾಗೇ ಇದ್ದ. ಇಳಿದು ಹೋಗಿ ನಿಜ ಹೇಳಬಹುದಿತ್ತು. ಹೋಗಲಿಲ್ಲ. ಆಮೇಲೆ ಮೈದಾನಕ್ಕೆ ಹೋಗಿ ಹತ್ತು ಕಡತಗಳನ್ನು ಕಪಾಟಿಗಿಟ್ಟು, ಲಾಕರುಗಳ ಮೇಲಿನ ಹೆಸರಿನ ಪಟ್ಟಿ ಕಿತ್ತೆ. ಗ್ಯಾರೆಟ್‌ನದನ್ನು ಕೀಳುವಾಗಲೂ ಏನೂ ಅನ್ನಿಸಲಿಲ್ಲ.

ಮುಂದಿನ ಶನಿವಾರ ಮೊದಲ ಪಂದ್ಯ. ಅರ್ಧ ಊರು ಬಂದಿತ್ತು. ನೀರಿನ ಡಬ್ಬ ಎಳೆದುಕೊಂಡು ಹೋಗುತ್ತಿದ್ದಾಗ ಕಂಬಿಯ ಆಚೆಯಿಂದ ಗ್ಯಾರೆಟ್ ಕೂಗಿದ. ತಂಡದ ಅಂಗಿ ಕೊಂಡು ತೊಟ್ಟಿದ್ದ. ಪಕ್ಕದಲ್ಲಿ ಡೆನೀಸ್ ಎಲೆಕೋಸು ಮಾಂಸ ತುಂಬಿದ ಬನ್ನು ತಿನ್ನುತ್ತಿದ್ದಳು. ಕಾರ್ಖಾನೆ ಹೇಗಿದೆ ಎಂದು ಕೇಳಿದೆ. ಹೋಗುತ್ತಿದ್ದೇನೆ ಎಂದ. ಆಮೇಲೆ ದನಿ ತಗ್ಗಿಸಿದ.

"ಒಂದ್ ಮಾತು ಮೇಷ್ಟ್ರೆ, ಸುಳ್ಳು ಹೇಳ್ಬಾರ್ದು. ನಂಗೆ ತಂಡದಲ್ಲಿ ಜಾಗ ಎಷ್ಟರಲ್ಲಿ ತಪ್ಪೋಯ್ತು?"

"ಕೂದಲೆಳೆಯಲ್ಲಿ," ಎಂದೆ.

ಅವನ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ನಾನು ಹೇಳ್ಲಿಲ್ವಾ? ಮಂಡಿ ಆಪರೇಷನ್ ಮಾಡಿಸ್ಕೊಂಡ್ರೆ ಮುಂದಿನ ವರ್ಷ ಸಿಕ್ಕೇ ಸಿಗತ್ತೆ."

ಡೆನೀಸ್ ಬನ್ನು ಕೆಳಗಿಟ್ಟಳು. ಅವನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಮತ್ತೆ ಕರುಳು ಚುರುಕ್ ಎಂದಿತು. ಮೈದಾನದಿಂದ ಯಾರೋ ನೀರು ನೀರು ಎಂದು ಕಿರುಚಿದರು. ನಾನು ಓಡಿದೆ.