ಚಿಂಟ್ಯಾನ ಹಿಂದಿನ ಪಟ್ಟಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಒಪ್ಪಿಕೊಂಡೆ. ಆದರೆ ಪಟ್ಟಿ, ಬಕ್ಕಲ್ಲು, ಕ್ಲಿಪ್ಪಿನ ವಿಷಯದಲ್ಲಿ ಈ ಬಸಲಿಂಗಪ್ಪನಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಮುಂಬಯಿಯ ಕಡೆಯ ಕಲ್ಯಾಣ ಸ್ಟೇಷನ್ನಿನ ಹತ್ತಿರ ಮೂವತ್ತೆರಡು ವರ್ಷದಿಂದ ನನ್ನದು ಬ್ಯಾಗಿನ ಸಾಮಾನಿನ ಅಂಗಡಿ. ಸುತ್ತಮುತ್ತ ಶಾಲೆಯ ಬ್ಯಾಗು ಹೊಲಿಯುವವರೆಲ್ಲ ಪಟ್ಟಿಗೂ ಕ್ಲಿಪ್ಪಿಗೂ ನನ್ನಲ್ಲಿಗೇ ಬರುತ್ತಾರೆ. ಅಂಥವನನ್ನು ಭಿವಂಡಿಗೆ ಕರೆದುಕೊಂಡು ಹೋಗಿ, ಒಂದು ಕುದುರೆಯ ಪಟ್ಟಿ ಆರಿಸುವಾಗ ನನ್ನ ಮಗಳು ನೇತ್ರಾ "ಪಪ್ಪಾ, ಜರಾ ಸುಮ್ಕಿರ್ರಿ" ಅಂದಳು.

ಕುದುರೆ ಅಂದರೆ ಏನು ಕುದುರೆ! ಚಿಂಟ್ಯಾನ ಬೆನ್ನು ನನ್ನ ಸೊಂಟಕ್ಕೂ ಬರುವುದಿಲ್ಲ. ಅದರ ಜಾತಿಯೇ ಅಷ್ಟು ಗಿಡ್ಡ. ಬದ್ಲಾಪುರದ ಕಡೆಯ ರಿಸಾರ್ಟ್ ಒಂದು ಮುಚ್ಚಿದಾಗ ನೇತ್ರಾ ಅದನ್ನು ತಂದು ಭಿವಂಡಿಯ ಗೋದಾಮಿನ ಹಿಂದೆ ಕಟ್ಟಿದ್ದಳು. ಈಗ ನೆರೂಳದ ಶಾಲೆಯೊಂದು, ನಡೆಯಲಾಗದ ಮಕ್ಕಳದು, ಅವಳನ್ನು ಕರೆದಿತ್ತು. ವಾರಕ್ಕೆ ಮೂರು ದಿನ ಚಿಂಟ್ಯಾನ ಪುಟ್ಟ ಗಾಡಿಯಲ್ಲಿ ಮಕ್ಕಳನ್ನು ಸುತ್ತಾಡಿಸುವ ಕೆಲಸ. ಅದನ್ನು ನಂಬಿ ಹುಡುಗಿ ದನದ ಡಾಕ್ಟರ ಹತ್ತಿರದ ನೌಕರಿ ಬಿಟ್ಟಿದ್ದಳು. ಭಾನುವಾರ ಶಾಲೆಯವರು ಒಂದು ಸಲ ನೋಡುತ್ತಾರೆ, ಒಪ್ಪಿದರೆ ಕೆಲಸ. ಒಪ್ಪದಿದ್ದರೆ ಚಿಂಟ್ಯಾನನ್ನು ಯಾರಿಗಾದರೂ ಕೊಟ್ಟುಬಿಡಬೇಕು, ಗೋದಾಮಿನವರು ಆಗಲೇ ಜಾಗ ಬಿಡಿ ಅಂದಿದ್ದರು.

ಗಾಡಿಗೆ ಕಟ್ಟುವ ಪಟ್ಟಿಗಳ ಇಡೀ ಜೋಡಣೆಗೆ ಸಾಜು ಅನ್ನುತ್ತಾರೆ. ಅದನ್ನು ಹೊಲಿಯುವ ಮುರಾರಿ ಸೊಲ್ಲಾಪುರದ ಕಡೆಯವನು. ಅವನು ಎರಡು ಸಾಜು ಗೋದಾಮಿಗೇ ತಂದಿಟ್ಟಿದ್ದ. ಒಂದು ಕೆಂಪು ಮಖಮಲ್ಲಿನದು, ಹಿತ್ತಾಳೆಯ ಗುಂಡುಮೊಳೆ ಹೊಡೆದದ್ದು, ಮದುವೆಗೆ ಹೇಳಿ ಮಾಡಿಸಿದ ಹಾಗೆ. ಇನ್ನೊಂದು ಬರೀ ಕಪ್ಪು. ನನ್ನ ಕೈ ತಾನಾಗಿ ಕೆಂಪಿನ ಮೇಲೆ ಹೋಯಿತು.

"ಇದನ್ನ ತಗೋ ನೇತ್ರಾ. ಮಕ್ಕಳು ನೋಡಿ ಖುಷಿ ಆಗ್ತಾರ."

"ಇದರ ಎದಿಪಟ್ಟಿ ನೋಡ್ರಿ ಪಪ್ಪಾ, ಎಷ್ಟು ಮ್ಯಾಲೆ ಕೂಡತೈತಿ. ಗಂಟಲಿಗೆ ಒತ್ತತೈತಿ. ಅವಂಗ ಉಸಿರು ಬ್ಯಾಡೇನು?" ಅಂದವಳೇ ಕಪ್ಪು ಸಾಜಿನ ಒಂದೊಂದು ಪಟ್ಟಿಯನ್ನೂ ಎಳೆದು ನೋಡಿದಳು. "ಮತ್ತ ಇದರಾಗ ಹಿಂದಿನ ಪಟ್ಟಿ ಐತಿ. ಅದೇ ಮೇನ್."

ಹಿಂದಿನ ಪಟ್ಟಿ ಕುದುರೆಯ ತೊಡೆಯ ಹಿಂದೆ ಸುತ್ತಿಕೊಂಡು ಬಂದು ಗಾಡಿಯ ಎರಡೂ ಕೋಲುಗಳಿಗೆ ಬಿಗಿಯುತ್ತದೆ. ಅದು ಯಾಕೆ ಬೇಕು ಎಂದು ನಾನು ಜಗಳ ತೆಗೆದೆ. ಮುರಾರಿಯೇ ಹೇಳಿದ: "ಸಾವಕಾರ್ರ, ಇದು ಹಗುರ ಪ್ರಾಣಿ. ಇಳಿಜಾರದಾಗ ಗಾಡಿ ಹಿಂದಿನಿಂದ ಬಂದು ಕಾಲಿಗೆ ಬಡೀತಂದ್ರ ಹೆದರಿ ಓಡಿಬಿಡತೈತಿ. ಗಾಡಿನ ತಡಿಯೂದು ಈ ಪಟ್ಟಿ ಒಂದs."

ನೇತ್ರಾ ಕಪ್ಪನ್ನೇ ಆರಿಸಿದಳು. ಟೇಪು ಹಿಡಿದು ಚಿಂಟ್ಯಾನ ಎದೆ, ಹೊಟ್ಟೆ, ಬೆನ್ನು ಎರಡೆರಡು ಸಲ ಅಳೆದು, ಮುರಾರಿಯಿಂದ ತೂತು ಹೊಡೆಸಿಕೊಂಡಳು. ನಾನು ಮೂಲೆಯಲ್ಲಿ ನಿಂತು ಹಲ್ಲು ಕಡಿದೆ. ಪಟ್ಟಿ ಮಾರಿ ಅವಳನ್ನು ಓದಿಸಿದವನು ನಾನು, ಅಲ್ಲಿ ನನ್ನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ.

ಶನಿವಾರ ಸಾಜು ಹಾಕಿ ರೂಢಿ ಮಾಡಿಸುವಾಗ ಆ ಹಿಂದಿನ ಪಟ್ಟಿಯ ಸ್ಟೀಲಿನ ಬಕ್ಕಲ್ಲು ಬಹಳ ಬಿಗಿ ಇತ್ತು. ಹಾಕುವಾಗ ನೇತ್ರಾಳ ಒಂದು ಉಗುರು ಮುರಿಯಿತು, ಬಿಚ್ಚುವಾಗ ಬೆರಳು ಸುಲಿಯಿತು. "ಮಕ್ಕಳ ಮುಂದ ಹಿಂಗ ಟೈಮ್ ತಗೊಂಡ್ರ ಶಾಲಿ ಮ್ಯಾಡಮ್ ಏನಂತಾರ?" ಎಂದು ಅಳುಮೋರೆ ಮಾಡಿದಳು. ನನಗೆ ಪಾಪ ಅನಿಸಿತು. ಸುಳ್ಳು ಯಾಕೆ ಹೇಳಲಿ, ಜೊತೆಗೆ ಒಳಗೊಳಗೇ ಖುಷಿಯೂ ಆಯಿತು. ಈಗ ನೋಡು ಅಪ್ಪನ ಕೆಲಸ, ಅಂದುಕೊಂಡೆ.

ಅವಳು ನೀರು ತರಲು ಹೋದಾಗ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಒಯ್ದೆ. ಎರಡೂ ಬಕ್ಕಲ್ಲು ಕಿತ್ತು, ನನ್ನಲ್ಲಿದ್ದ ಅತಿ ದಪ್ಪ ಪ್ಲಾಸ್ಟಿಕ್ ಕ್ಲಿಪ್ಪು ಹೊಲಿಸಿದೆ. ಒತ್ತಿದರೆ ಟಕ್ ಅಂತ ಕೂಡುತ್ತದೆ, ಹಿಂಡಿದರೆ ಟಕ್ ಅಂತ ಬಿಡುತ್ತದೆ. ಭಾನುವಾರ ಬೆಳಗ್ಗೆ ನೇತ್ರಾ ಅದನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಪಪ್ಪಾ, ಹೇ ಕಾಯ್? ಇದನ್ನ ಯಾರು ಚೇಂಜ್ ಮಾಡಿದ್ರು?"

"ಮುರಾರಿ," ಅಂದೆ. "ನಿನ್ನೆ ಬಂದಿದ್ದ. ಇದು ಇನ್ನೂ ಚಲೋ ಅಂತ ಅವನs ಹಾಕಿ ಕೊಟ್ಟಾನ."

ನಾನು ಮಾಡಿದೆ ಅಂದಿದ್ದರೆ ಅವಳು ಅಲ್ಲೇ ಕಿತ್ತು ಎಸೆಯುತ್ತಿದ್ದಳು. ಮುರಾರಿಯ ಹೆಸರು ಕೇಳಿ ಸುಮ್ಮನಾದಳು. ಚಿಂಟ್ಯಾನನ್ನೂ ಗಾಡಿಯನ್ನೂ ಟೆಂಪೋಕ್ಕೆ ಹತ್ತಿಸಿಕೊಂಡು ನೆರೂಳಕ್ಕೆ ಬಂದೆವು.

ಶಾಲೆಯ ಮುಖ್ಯಸ್ಥೆ ಜಯಲತಾ ಮ್ಯಾಡಮ್ ಮಂಗಳೂರಿನ ಕಡೆಯವರು. ಮಾತು ಮೆತ್ತಗೆ, ಕಣ್ಣು ಮಾತ್ರ ಏನನ್ನೂ ಬಿಡುತ್ತಿರಲಿಲ್ಲ. ಮೊದಲು ಅಂಗಳದಲ್ಲಿ ಅವರೇ ಗಾಡಿಯಲ್ಲಿ ಕೂತರು. ನೇತ್ರಾ ಪಕ್ಕದಲ್ಲಿ ಲಗಾಮು ಹಿಡಿದು ನಡೆದಳು. ಚಿಂಟ್ಯಾ ತಿರುಗು ಅಂದರೆ ತಿರುಗಿತು, ನಿಲ್ಲು ಅಂದರೆ ನಿಂತಿತು.

"ಭಾರೀ ಚಂದ ಉಂಟು ಮಾರಾಯ್ರೆ," ಅಂದರು ಮ್ಯಾಡಮ್. "ಇನ್ನು ಮಗುವನ್ನು ಕೂರಿಸಿ ಕೆಳಗೆ ತೋಟಕ್ಕೆ ಒಂದು ಸುತ್ತು ಹೋಗಿ ಬನ್ನಿ. ಅಷ್ಟಾದ್ರೆ ನಾಳೆಯಿಂದ್ಲೇ ಶುರು ಮಾಡುವ."

ನೇತ್ರಾಳ ಮುಖ ಹೇಗೆ ಅರಳಿತು ಅಂತೀರಿ! ಅಂಗಳದಿಂದ ತೋಟಕ್ಕೆ ಗಾಲಿಕುರ್ಚಿಗಾಗಿ ಮಾಡಿದ ಸಿಮೆಂಟಿನ ಇಳಿಜಾರಿತ್ತು. ಅದರ ಮೇಲಿನ ತುದಿಗೆ ಗಾಡಿ ನಿಲ್ಲಿಸಿದರು. ನಾನು ಹೆಮ್ಮೆಯಿಂದ ನನ್ನ ಕ್ಲಿಪ್ಪಿನ ಕಡೆ ಬಗ್ಗಿ ನೋಡಿದೆ.

ಎಡಗಡೆಯ ಕ್ಲಿಪ್ಪಿನ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಒಂದು ಬಿಳಿ ಗೆರೆ.

ಕಪ್ಪು ಪ್ಲಾಸ್ಟಿಕ್ಕು ಬೆಳ್ಳಗಾದರೆ ಏನರ್ಥ ಎಂದು ನನಗೆ ಹೇಳಿಕೊಡಬೇಕೇ? ವರ್ಷಕ್ಕೆ ನೂರು ಸಲ ಅಂಥ ಕ್ಲಿಪ್ಪನ್ನು ಗಿರಾಕಿಗಳ ಮುಂದೆ ಹಿಡಿದು, "ಇದರ ಕಥಿ ಮುಗೀತು ನೋಡ್ರಿ" ಅಂದವನು ನಾನೇ. ಸಮತಟ್ಟು ಅಂಗಳದಲ್ಲಿ ಗಾಡಿ ನಿಲ್ಲಿಸಿದ ಜಗ್ಗಿಗೇ ಹೀಗಾಗಿತ್ತು.

ಅಷ್ಟರಲ್ಲಿ ಪ್ರೇಕ್ಷಾ ಎಂಬ ಎಂಟು ವರ್ಷದ ಹುಡುಗಿಯನ್ನು ಗಾಲಿಕುರ್ಚಿಯಲ್ಲಿ ತಂದರು. ಅವಳ ತಾಯಿ ಮಗಳನ್ನು ಎತ್ತಿ ಗಾಡಿಯಲ್ಲಿ ಕೂರಿಸಿ ಸೊಂಟಕ್ಕೆ ಬೆಲ್ಟು ಬಿಗಿದಳು. ಗಾಡಿ ಉರುಳಿದರೆ ಜಿಗಿಯುವ ಶಕ್ತಿ ಆ ಕೂಸಿನ ಕಾಲಿಗಿರಲಿಲ್ಲ.

ನಾನು ತಕ್ಷಣ ಕೂಗಿದೆ ಎಂದು ಹೇಳುವ ಆಸೆ ನನಗೂ ಇದೆ. ಕೂಗಲಿಲ್ಲ. ಇಳಿಜಾರು ಸಣ್ಣದು, ಮೂವತ್ತು ಹೆಜ್ಜೆ. ಕೂಸು ಹಗುರ. ಬಲಗಡೆಯ ಕ್ಲಿಪ್ಪು ಗಟ್ಟಿ ಇದೆ. ಇದೊಂದು ಸುತ್ತು ದಾಟಲಿ, ಸಂಜೆಗೇ ಸ್ಟೀಲು ಹಾಕಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಈಗ ಬಾಯಿಬಿಟ್ಟರೆ ಮಗಳ ಕೆಲಸ ಹೋಗುತ್ತದೆ, ನನ್ನ ಸುಳ್ಳೂ ಬಯಲಾಗುತ್ತದೆ. ಯಾವುದಕ್ಕೆ ಹೆಚ್ಚು ಹೆದರಿದೆನೋ ಶಿವನಿಗೇ ಗೊತ್ತು.

ನೇತ್ರಾ ಲಗಾಮು ಸಡಿಲ ಬಿಟ್ಟಳು. "ಚಲ್ ಚಿಂಟ್ಯಾ."

ಚಿಂಟ್ಯಾ ಒಂದು ಹೆಜ್ಜೆ ಇಟ್ಟಿತು. ಗಾಡಿಯ ಭಾರ ಮುಂದಕ್ಕೆ ಜಾರಿ ಪಟ್ಟಿಯ ಮೇಲೆ ಬಂತು. ಬಿಳಿ ಗೆರೆ ನನ್ನ ಕಣ್ಣೆದುರೇ ಅಗಲವಾಯಿತು.

"ನಿಲ್ಲಿಸು! ಏ ನೇತ್ರಾ, ನಿಲ್ಲಿಸs!" ಎಂದು ಚೀರಿ ಎರಡೂ ಕೈಯಲ್ಲಿ ಗಾಲಿಯನ್ನು ಅಪ್ಪಿ ಹಿಡಿದೆ. "ಕೂಸಿನ್ನ ಇಳಸ್ರಿ, ಮೊದಲ ಕೂಸಿನ್ನ ಇಳಸ್ರಿ!"

ತಾಯಿ ಓಡಿಬಂದು ಪ್ರೇಕ್ಷಾಳನ್ನು ಎತ್ತಿಕೊಂಡಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಆ ಕ್ಲಿಪ್ಪು ನಾ ಹಾಕಿದ್ದು," ಅಂದೆ. "ಮುರಾರಿ ಅಲ್ಲ. ಶಾಲಿ ಬ್ಯಾಗಿಂದು ಅದು. ಸೀಳೇತಿ."

ನೇತ್ರಾ ಕ್ಲಿಪ್ಪನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಮುರಾರಿ ಹಾಕ್ಯಾನ ಅಂದ್ರಲ್ಲ, ಪಪ್ಪಾ."

"ಸುಳ್ಳು ಹೇಳಿದೆ."

ಜಯಲತಾ ಮ್ಯಾಡಮ್ ಹತ್ತಿರ ಬಂದರು. "ನಿಜವಾಗ್ಲೂ ತುಂಡಾಗ್ತಿತ್ತಾ? ಅಥವಾ ನೀವು ಹೆದರಿದ್ದಾ?"

ನೇತ್ರಾ ಮೊದಲು ಚಿಂಟ್ಯಾನನ್ನು ಬಿಚ್ಚಿ ದೂರದ ಮರಕ್ಕೆ ಕಟ್ಟಿದಳು. ಆಟದ ಜಾಗದಿಂದ ಮರಳಿನ ಎರಡು ಚೀಲ ತಂದು ಸೀಟಿನ ಮೇಲಿಟ್ಟಳು. ಹಿಂದಿನ ಪಟ್ಟಿಯನ್ನು ಇಳಿಜಾರಿನ ಮೇಲ್ತುದಿಯ ಗೇಟಿನ ಕಂಬಕ್ಕೆ ಸುತ್ತಿ, ಗಾಡಿಗೆ ಬಿಗಿದು, ಗಾಡಿಯನ್ನು ಇಳಿಜಾರಿಗೆ ಬಿಟ್ಟಳು. ಪಟ್ಟಿ ಬಿಗಿಯಾಯಿತು. ಗಾಡಿ ನಿಂತಿತು. ತಡೆಯಲಿ ಶಿವನೇ, ಒಂದು ನಿಮಿಷ ತಡೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆಗಲೂ ನನಗೆ ನನ್ನ ಕ್ಲಿಪ್ಪೇ ಗೆಲ್ಲಬೇಕಿತ್ತು ನೋಡಿ.

ಠಪ್! ಎಡಗಡೆಯದು ಹಾರಿತು. ಗಾಡಿ ಸೊಟ್ಟ ತಿರುಗಿತು, ಬಲಗಡೆಯದೂ ಕಿತ್ತುಬಂತು. ಗಾಡಿ ಗಡಗಡನೆ ಇಳಿದು ತೋಟದ ಗೋಡೆಗೆ ಗುದ್ದಿ ಮಗುಚಿ ಬಿತ್ತು. ಒಂದು ಚೀಲ ಒಡೆದು ಮರಳೆಲ್ಲ ಚೆಲ್ಲಿತು. ತಾಯಿಯ ಸೊಂಟದ ಮೇಲಿದ್ದ ಪ್ರೇಕ್ಷಾ ಆ ಸದ್ದಿಗೆ ಖುಷಿಯಿಂದ ಚಪ್ಪಾಳೆ ತಟ್ಟಿದಳು. ತಾಯಿ ಅವಳ ಎರಡೂ ಕೈ ಹಿಡಿದು ಚಪ್ಪಾಳೆ ನಿಲ್ಲಿಸಿದಳು.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಜಯಲತಾ ಮ್ಯಾಡಮ್ ಬಗ್ಗಿ ಕ್ಲಿಪ್ಪಿನ ಒಂದು ಚೂರು ಎತ್ತಿಕೊಂಡರು.

"ನೇತ್ರಾ, ನೀವು ಕುದುರೆಯನ್ನು ನೋಡಿಕೊಳ್ಳುವುದು ನಂಗೆ ಇಷ್ಟ ಆಯ್ತು," ಅಂದರು. "ಗಾಡಿ ರಿಪೇರಿ ಮಾಡಿಸಿ, ಸ್ಟೀಲಿಂದೇ ಹಾಕಿಸಿ, ಬರುವ ಭಾನುವಾರ ಇನ್ನೊಮ್ಮೆ ಬನ್ನಿ. ಒಂದು ಮಾತು, ಬೇಜಾರು ಮಾಡಬಾರದು. ನಿಮ್ಮ ತಂದೆ ಬರುವುದು ಬೇಡ. ಗಾಡಿ, ಕುದುರೆ, ಆ ಪಟ್ಟಿ, ಯಾವುದಕ್ಕೂ ಅವರು ಕೈ ಹಾಕಬಾರದು. ಆಗ್ತದಾ?"

ನಾನು ಮಗಳ ಕಡೆ ನೋಡಿದೆ. ಒಂದು ಮಾತು ನನ್ನ ಪರವಾಗಿ ಆಡುತ್ತಾಳೆ ಅಂದುಕೊಂಡಿದ್ದೆ. ಸುಳ್ಳು ಹೇಳಿದ್ದೂ ನಾನೇ, ನಿಲ್ಲಿಸಿದ್ದೂ ನಾನೇ ಅಲ್ಲವೇ?

"ಆಕ್ಕತಿ ಮ್ಯಾಡಮ್," ಅಂದಳು ನೇತ್ರಾ. "ಮುಟ್ಟೂದಿಲ್ಲ."

ಮಗುಚಿದ ಗಾಡಿಯನ್ನು ಎತ್ತಲು ನಾನು ಇಳಿಜಾರಿನಲ್ಲಿ ಇಳಿದು ಹೋಗಿ ಗಾಲಿಗೆ ಕೈ ಹಾಕಿದೆ. ಹಿಂದೆಯೇ ಬಂದ ಅವಳು ನನ್ನ ಕೈಯನ್ನು ಮೆಲ್ಲಗೆ ಗಾಲಿಯಿಂದ ಬಿಡಿಸಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಪಪ್ಪಾ, ನೀವು ಟ್ರೇನಿಗೆ ಹೋಗ್ರಿ. ನಾ ಟೆಂಪೋದಾಗ ಬರ್ತೀನಿ."

ಟೆಂಪೋದಲ್ಲಿ ನನಗೂ ಜಾಗವಿತ್ತು. ನಾನು ಹೂಂ ಅಂದು, ಚಪ್ಪಲಿಯೊಳಗಿನ ಮರಳು ಕೊಡವಿಕೊಂಡು, ನೆರೂಳ ಸ್ಟೇಷನ್ನಿನ ಕಡೆ ನಡೆದೆ.