ಈ ಮನೆಯಲ್ಲಿ ಆಡಬಾರದ ಮಾತು

"ಬಕೆಟ್ಟು ಕೆಳಗಿಡು ಡಗೀ. ಜನ ನೋಡಿದ್ರೆ ನಗ್ತಾರೆ," ಎನ್ನುತ್ತ ನೊರೀನ್ ಟ್ಯಾಟರ್ಸಾಲ್ ಕಾರಿನ ಬಾಗಿಲಿಗೆ ಅಡ್ಡ ನಿಂತಳು.

"ನಗ್ಲಿ ಬಿಡಿ ಮಿಸೆಸ್ ಟಿ. ಇದಿಲ್ದೆ ವಿಲ್ಫ್ ಒಂದು ದಿನ ಮಲಗಿದ್ದುಂಟಾ?"

ಡಗಿ ಆ ಕೆಂಪು ಪ್ಲಾಸ್ಟಿಕ್ ಬಕೆಟ್ಟನ್ನು ಹೊಟ್ಟೆಗೆ ಅವಚಿಕೊಂಡಿದ್ದ. ಅದರ ತುಂಬ ನೀರಿತ್ತು. ಮೈಮೇಲಿದ್ದ ದಾನದ ಕೋಟಿನ ತೋಳು ಮಣಿಕಟ್ಟು ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಅರ್ಧ ಆಯಸ್ಸು ಕಳ್ಳತನದಲ್ಲಿ, ಇನ್ನರ್ಧ ಅದಕ್ಕಾಗಿ ಜೈಲಿನಲ್ಲಿ ಕಳೆದ ಈ ಮನುಷ್ಯ ಯಾರಾದರೂ ಗಟ್ಟಿಯಾಗಿ ಗದರಿಸಿದರೆ ಈಗ ಕಣ್ಣು ತುಂಬಿಕೊಳ್ಳುತ್ತಿದ್ದ.

ಮುಂದಿನ ಸೀಟಿನಿಂದ, ಜೈಲಿನಿಂದ ಬಿಟ್ಟವರ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ ಗ್ಯಾರೆತ್ ಪಿಲಿಂಗ್ ತಿರುಗಿ ನೋಡಿದ. "ಏನದು ಬಕೆಟ್ಟು?"

"ಹೂವಿಗೆ," ಎಂದಳು ನೊರೀನ್. ಕೈಯಲ್ಲಿದ್ದ ಕಾರ್ನೇಷನ್ ಗೊಂಚಲನ್ನು ತಕ್ಷಣ ನೀರಿಗೆ ಇಳಿಬಿಟ್ಟಳು. ಸುಳ್ಳು ಅವಳ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಇಂಥ ಮನೆ ನಡೆಸುವವರಿಗೆ ಅದಿಲ್ಲದೆ ಬೇಳೆ ಬೇಯುವುದಿಲ್ಲ.

"ಚೆಲ್ಲದ ಹಾಗೆ ನೋಡ್ಕೊಳ್ಳಿ. ಸೀಟು ಹೊಸಾದು."

ಲ್ಯಾಂಕಾಶೈರಿನ ಕಡಲ ದಂಡೆಯ ಆ ಮನೆ ಒಂದು ಕಾಲಕ್ಕೆ ಬೇಸಿಗೆಯ ಪ್ರವಾಸಿಗರ ವಸತಿಗೃಹವಾಗಿತ್ತು. ಪ್ರವಾಸಿಗರು ಬರುವುದು ನಿಂತಿತು, ನೊರೀನಳ ಗಂಡ ತೀರಿಕೊಂಡ, ಮಾಡು ಮಾತ್ರ ಉಳಿಯಿತು. ಆಮೇಲೆ ಅವಳು ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನು ಇರಿಸಿಕೊಂಡು ನೋಡಿಕೊಳ್ಳುವ ಕೆಲಸ ಹಿಡಿದಳು. ವರ್ಷಕ್ಕೊಮ್ಮೆ ಗ್ಯಾರೆತ್‌ನ ಕಚೇರಿಯವರು ಕೂತು, ಈ ಮನೆ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಈ ಸಲದ ತೀರ್ಮಾನ ಶುಕ್ರವಾರ ಹೊರಬೀಳಬೇಕಿತ್ತು. ವಿಲ್ಫ್ ಎಂಟ್‌ವಿಸಲ್ ಅದಕ್ಕೂ ಕಾಯದೆ ಮೆಟ್ಟಿಲ ಮೇಲೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಉಳಿದ ಐವರಿಗೆ ಈ ಮಾಡು ಬಿಟ್ಟರೆ ಬೇರೆ ನೆಲೆಯಿರಲಿಲ್ಲ. ಇಲ್ಲಿಗೆ ಬರುವ ಮುಂಚೆ ಡಗಿ ಮಲಗುತ್ತಿದ್ದದ್ದು ಹಡಗುಕಟ್ಟೆಯ ಕೆಳಗೆ, ಉಬ್ಬರ ಬಂದರೆ ಎದ್ದು ಓಡಬೇಕಾದ ಜಾಗದಲ್ಲಿ.

ಹೆಣದ ಗಾಡಿ ಮುಂದೆ ಹೊರಟಿತು. ಬೀದಿಯ ಮೂಲೆಯಲ್ಲಿ ಮುಚ್ಚಿದ್ದ ಕಾರ್ಪೆಟ್ ಅಂಗಡಿಗೆ ಯಾರೋ ಹಳದಿ ಬಣ್ಣ ಹೊಡೆಯುತ್ತಿದ್ದರು. ಏಣಿ ಮೇಲಿದ್ದವನು ಟೋಪಿ ತೆಗೆದ. ಅಷ್ಟು ಮರ್ಯಾದೆ ವಿಲ್ಫ್‌ಗೆ ಬದುಕಿದ್ದಾಗ ಯಾರೂ ಕೊಟ್ಟಿರಲಿಲ್ಲ.

*

ವಿಲ್ಫ್ ಮಾಡಿದ ತಪ್ಪು ಒಂದೇ. ಹೆಂಡತಿ ಪಕ್ಕದ ಮನೆಯವನ ಜೊತೆ ಹೊರಟುಹೋದ ವಾರ ಅವನು ಆ ಪಕ್ಕದವನ ಖಾಲಿ ಮರದ ಶೆಡ್ಡಿಗೆ ಬೆಂಕಿ ಇಟ್ಟ. ಶೆಡ್ಡಿನಲ್ಲಿ ಒಂದು ಮುರುಕು ಸೈಕಲ್ ಬಿಟ್ಟರೆ ಏನೂ ಇರಲಿಲ್ಲ. ಆದರೆ ಗಾಳಿ ತಿರುಗಿತು. ಬೆಂಕಿ ಬೇಲಿ ಹಾರಿ ಅವನದೇ ಪಾರಿವಾಳದ ಗೂಡಿಗೆ ಹತ್ತಿತು. ಮರಿಯಿಂದ ಸಾಕಿದ ಹಕ್ಕಿಗಳು. ಅಗುಳಿ ತೆಗೆಯಲು ಹೋಗಿ ಕೈಯೆರಡೂ ಬೆಂದವು, ಅಗುಳಿ ಮಾತ್ರ ತೆರೆಯಲಿಲ್ಲ.

ಜೈಲು ಮುಗಿಸಿ ಹೊರಬಂದಾಗ ಅವನ ಹೆಸರಿನ ಜೊತೆ ಆ ಒಂದು ಮಾತು ಅಂಟಿಕೊಂಡಿತ್ತು. ಕಳ್ಳನಿಗೆ ಜಾಗ ಸಿಗುತ್ತದೆ, ಕುಡುಕನಿಗೆ ಸಿಗುತ್ತದೆ, ಬೆಂಕಿ ಇಟ್ಟವನೆಂದರೆ ಎಲ್ಲ ಮನೆಗಳೂ ಬಾಗಿಲು ಹಾಕಿಕೊಳ್ಳುತ್ತವೆ. ಅಕ್ಕ ಹಿಲ್ಡಾಳ ಮನೆಗೆ ಗ್ಯಾರೆತ್ ವಿಚಾರಿಸಲು ಹೋದಾಗ ಅವಳು, "ಕಾರ್ಪೆಟ್ ಹಾಕಿಸಿ ಇನ್ನೂ ತಿಂಗಳಾಗಿಲ್ಲ," ಎಂದಿದ್ದಳು. ಇನ್ನೊಂದು ಮನೆಯಲ್ಲಿ ಜಾಗ ಕೊಡಿಸುವ ಮುಂಚೆ ಗ್ಯಾರೆತ್, "ಈಗ್ಲೂ ಬೆಂಕಿ ವಿಷಯ ತಲೇಲಿ ಬರುತ್ತಾ?" ಎಂದು ಕೇಳಿದ. ವಿಲ್ಫ್ ಪ್ರಾಮಾಣಿಕ. "ದಿನಾ ಕನಸಲ್ಲಿ ಬರುತ್ತೆ ಸಾರ್. ಭಯ ಆಗುತ್ತೆ," ಎಂದ. ಬೆಂಕಿಯ ಯೋಚನೆ ಇನ್ನೂ ಬಿಟ್ಟಿಲ್ಲ ಎಂದು ಅಲ್ಲಿಯೂ ಜಾಗ ತಪ್ಪಿತು. ಆ ಚಳಿಗಾಲವಿಡೀ ಅವನು ಬಸ್ ತಂಗುದಾಣದಲ್ಲಿ ಕಳೆದ.

ಕೊನೆಗೆ ಗ್ಯಾರೆತ್ ನೊರೀನಳ ಮನೆಗೆ ಬಂದ. ಶಾಲೆ ಎಷ್ಟು ದೂರ, ಪಕ್ಕದ ಕೋಣೆಯಲ್ಲಿ ಯಾರು, ಕಿಟಕಿ ಎಷ್ಟು ತೆರೆಯುತ್ತದೆ, ಎಲ್ಲ ನೋಡಿದ. ವಿಲ್ಫ್‌ನಿಂದ ಮನೆಗೆ ಏನೇನು ಅಪಾಯ ಬರಬಹುದೆಂದು ಕೂತು ಲೆಕ್ಕ ಹಾಕಿದ. ನೊರೀನಳಿಗೆ ಷರತ್ತು ಹೇಳಿದ: ಕಡ್ಡಿಪೆಟ್ಟಿಗೆ ಇಲ್ಲ, ಮೇಣದ ಬತ್ತಿ ಇಲ್ಲ, ಕೋಣೆಯಲ್ಲಿ ಹೀಟರ್ ಇಲ್ಲ. "ಬೆಂಕಿ ಬಗ್ಗೆ ಒಂದು ಮಾತಾಡಿದ್ರೂ ಅವತ್ತೇ ನನಗೆ ತಿಳಿಸ್ಬೇಕು. ಮುಚ್ಚಿಟ್ರಿ ಅಂತ ಗೊತ್ತಾದ್ರೆ ಮನೇನೇ ಹೋಗುತ್ತೆ."

ಬೆಂಕಿಗೆ ಹೆದರುವವನಿಗೂ ಬೆಂಕಿಯ ಹುಚ್ಚು ಹಿಡಿದವನಿಗೂ ಈ ಜನ ಒಂದೇ ತಕ್ಕಡಿ ಹಿಡಿಯುತ್ತಾರೆಂದು ನೊರೀನಳಿಗೆ ಅಂದೇ ಗೊತ್ತಾಯಿತು. ವಿಲ್ಫ್ ಪೆಟ್ಟಿಗೆ ಹಿಡಿದುಕೊಂಡು ಬಂದ ದಿನ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು: "ನೋಡು, ಆ ಮಾತು ಈ ಮನೇಲಿ ಆಡಬಾರದು. ತಮಾಷೆಗೂ ಬೇಡ, ಜ್ವರ ಬಂದು ಕನವರಿಸೋವಾಗ್ಲೂ ಬೇಡ. ತಿಳೀತಾ?"

ವಿಲ್ಫ್ ತಲೆಯಾಡಿಸಿದ. ಸಂಜೆ ಒಂದು ಕೆಂಪು ಬಕೆಟ್ಟು ಕೇಳಿ ಇಸಿದುಕೊಂಡು, ನೀರು ತುಂಬಿ, ಮಂಚದ ಪಕ್ಕ ಇಟ್ಟುಕೊಂಡ. ಅದು ಯಾಕೆಂದು ಗ್ಯಾರೆತ್ ಕೇಳಿದಾಗ ನೊರೀನ್, "ಮಾಡು ಸೋರುತ್ತೆ," ಎಂದಳು. ಪಾಪ, ಅವನು ಮಾಡು ರಿಪೇರಿಯವರನ್ನೇ ಕಳಿಸಿಬಿಟ್ಟ. ಅವರು ಮಧ್ಯಾಹ್ನವೆಲ್ಲ ಹುಡುಕಿ, ತೂತು ಸಿಗದೆ, ಟೀ ಕುಡಿದು ಹೋದರು.

*

ಚಿತಾಗಾರದ ಬಾಗಿಲಲ್ಲಿ ಹಿಲ್ಡಾ ಕಪ್ಪು ಟೋಪಿಯಲ್ಲಿ ನಿಂತಿದ್ದಳು. ಊರು ಹೋಗು, ಕಾಡು ಬಾ ಎನ್ನುವ ವಯಸ್ಸು. ಆದರೂ ನಾಲಗೆಗೆ ಇನ್ನೂ ಸಾಣೆ ಹಿಡಿಯಬೇಕಾಗಿರಲಿಲ್ಲ.

"ಆಮೇಲೆ ಮನೇಲಿ ಹ್ಯಾಮ್ ಇದೆ ತಾನೆ? ಬರೀ ಬಿಸ್ಕತ್ತು ಕೊಟ್ಟು ಹೆಣ ಕಳಿಸೋ ಮನೆತನ ನಮ್ದಲ್ಲ."

"ಇದೆ," ಎಂದಳು ನೊರೀನ್. ಸಾವಿನ ಊಟಕ್ಕೆ ಬೇಕಾದ ಆ ಹಂದಿಮಾಂಸ ತಂದವಳು ಅವಳೇ. ಮನೆತನದವರು ಒಂದು ಹೂವನ್ನೂ ತಂದಿರಲಿಲ್ಲ. ಅವಳು ಹಿಲ್ಡಾಳನ್ನು ಒಂದು ಪಕ್ಕಕ್ಕೆ ಕರೆದಳು. "ಫೋನಲ್ಲೂ ಹೇಳಿದ್ದೆ. ಅವನನ್ನ ಮಣ್ಣಿಗೆ ಕೊಡೋಣ. ಸಂಸ್ಕಾರ ಮಾಡಿಸೋ ಬ್ಲೀಸ್ಡೇಲ್ ಈಗ ಬಂದು ಕೇಳ್ತಾರೆ. ಸುಡೋದು ಅವನಿಗೆ ಇಷ್ಟ ಇರ್ಲಿಲ್ಲ ಅಂತ ನೀವೊಂದು ಮಾತು ಹೇಳಿಬಿಡಿ. ಒಡಹುಟ್ಟಿದೋರು ಹೇಳಿದ್ರೆ ಯಾರೂ ಮರುಪ್ರಶ್ನೆ ಹಾಕಲ್ಲ. ನಿಮ್ಗೇನೂ ಖರ್ಚಿಲ್ಲ."

"ಹನ್ನೊಂದು ವರ್ಷ ಮುಖಾನೇ ನೋಡಿಲ್ಲ ನಾನು. ಅವನಿಗೇನು ಇಷ್ಟ ಅಂತ ನನಗೆಲ್ಲಿ ಗೊತ್ತು? ಹೆಣದ ಮುಂದೆ ನಿಂತು ಸುಳ್ಳು ಹೇಳು ಅಂತೀಯಲ್ಲಮ್ಮ, ನಾನು ಚರ್ಚಿಗೆ ಹೋಗೋಳು!" ಹಿಲ್ಡಾ ದನಿ ಏರಿಸಿದಳು. ನಾಲ್ಕು ಜನ ತಿರುಗಿ ನೋಡಿದ್ದೇ ಅವಳಿಗೆ ಹುರುಪು ಬಂತು. "ಅಷ್ಟಕ್ಕೂ ಅವನಿಗೆ ಬೇಕಾಗಿದ್ದೇ ಈಗ ಸಿಗ್ತಿದೆ. ಅದೂ ಊರಿನ ಕೌನ್ಸಿಲ್ ಖರ್ಚಲ್ಲಿ! ಈ ಸಲ ಯಾರೂ ಪೊಲೀಸರನ್ನ ಕರೆಯಲ್ಲ ನೋಡು."

ಯಾರೋ ಕೆಮ್ಮಿನಲ್ಲಿ ನಗು ಅಡಗಿಸಿದರು. ಗ್ಯಾರೆತ್ ಕೂಡ ತುಟಿ ಕಚ್ಚಿಕೊಂಡ. ಡಗಿ ಬಕೆಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ನೊರೀನಳಿಗೆ ಆ ಟೋಪಿಯನ್ನು ಕಿತ್ತು ನೆಲಕ್ಕೆ ಬಡಿಯಬೇಕೆನಿಸಿತು.

*

ವಿಲ್ಫ್ ಬದುಕಿದ್ದಾಗ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನೊರೀನ್ ಮತ್ತು ಅವನು ಆಲೂಗಡ್ಡೆ ಸುಲಿಯುತ್ತಿದ್ದರು. ಡಗಿ ತಟ್ಟೆ ತೊಳೆಯುತ್ತಿದ್ದ. ಅಂದು ವಿಲ್ಫ್‌ನ ಹುಟ್ಟಿದ ದಿನ. ಗ್ಯಾರೆತ್‌ಗೆ ಗೊತ್ತಾಗದಂತೆ ಕೇಕಿನ ಮೇಲೆ ಮೇಣದ ಬತ್ತಿಗಳನ್ನು ಚುಚ್ಚಿದ್ದರು, ಹಚ್ಚಿರಲಿಲ್ಲ. ಹಚ್ಚದ ಬತ್ತಿಗಳನ್ನೇ ವಿಲ್ಫ್ ನಗುನಗುತ್ತ ಊದಿದ್ದ.

"ನೊರೀನ್, ಒಂದು ವಿಷಯ ಹೇಳ್ಬೇಕು. ಬೈಬೇಡಿ," ಎಂದ. ಸುಟ್ಟ ಕಲೆಯ ಬೆರಳುಗಳಿಗೆ ಚಾಕು ಸರಿಯಾಗಿ ಒಗ್ಗುತ್ತಿರಲಿಲ್ಲ. "ನಾನು ಸತ್ರೆ ನನ್ನನ್ನ ಸುಡೋಕೆ ಬಿಡಬೇಡಿ. ಗೂಡು ಉರಿಯೋವಾಗ ಹಕ್ಕಿಗಳು ಕೂಗಿದ್ದು... ಒಳಗಡೆ ರೆಕ್ಕೆ ಬಡೀತಾ ಇದ್ವು. ನನಗೆ ಅದು ಇವತ್ತಿಗೂ ಕೇಳುತ್ತೆ. ಪೆಟ್ಟಿಗೆ ಒಳಗೆ ನನಗೂ—"

"ಶ್!" ನೊರೀನ್ ಚಾಕು ಕೆಳಗಿಟ್ಟಳು. ನಾಳೆ ಗ್ಯಾರೆತ್ ಬರುವವನಿದ್ದ. "ಆ ಮಾತು ಬೇಡ ಅಂದಿದ್ದೆ. ಅವರ ಕಿವಿಗೆ ಬಿದ್ರೆ ನಿನ್ನನ್ನ ಮತ್ತೆ ಬೀದಿಗೆ ಹಾಕ್ತಾರೆ ಕಣೋ."

"ಒಂದ್ಸಲ ಹೇಳ್ಬಿಟ್ರೆ ಮತ್ತೆ ಎತ್ತಲ್ಲ. ಮಾತು ಕೊಡಿ."

"ಆಯ್ತು, ಕೊಟ್ಟೆ. ಮಣ್ಣಿಗೇ ಕೊಡಿಸ್ತೀನಿ. ಇನ್ನು ಬಾಯಿ ಮುಚ್ಚು."

ವಿಲ್ಫ್ ಬಾಯಿ ಮುಚ್ಚಿದ. ಸಾಯುವವರೆಗೂ ಮತ್ತೆ ಆ ಮಾತು ಎತ್ತಲಿಲ್ಲ. ಊರಲ್ಲಿ ಪಟಾಕಿ ಹಾರಿಸುವ ನವೆಂಬರಿನ ಹಬ್ಬದಂದು ಬಕೆಟ್ಟು ತಬ್ಬಿಕೊಂಡು ಮೆಟ್ಟಿಲ ಕೆಳಗೆ ಕೂತಿರುತ್ತಿದ್ದ. ಮರುದಿನ ನೊರೀನ್ ಗ್ಯಾರೆತ್‌ಗೆ, "ಚೆನ್ನಾಗಿ ನಿದ್ದೆ ಮಾಡಿದ," ಎಂದು ಹೇಳುತ್ತಿದ್ದಳು.

*

ಶವಸಂಸ್ಕಾರದ ಬ್ಲೀಸ್ಡೇಲ್ ಕೈಗವಸು ಬಿಚ್ಚುತ್ತ ಬಂದ. "ಕೌನ್ಸಿಲ್ ಕಡೆಯ ಸಂಸ್ಕಾರಕ್ಕೆ ಇದೊಂದು ಕೇಳ್ಲೇಬೇಕು. ತೀರಿಕೊಂಡೋರಿಗೆ ಸುಡೋದು ಬೇಡ ಅಂತಿತ್ತಾ? ಯಾರಿಗಾದ್ರೂ ಹೇಳಿದ್ರಾ? ಹೇಳಿದ್ರೆ ಗಾಡಿ ಈಗ್ಲೇ ತಿರುಗಿಸ್ತೀನಿ. ನನಗೇನೂ ಬೇಜಾರಿಲ್ಲ."

"ನನ್ನ ಕೇಳ್ಬೇಡಿ. ಇವಳನ್ನ ಕೇಳಿ," ಎಂದು ಹಿಲ್ಡಾ ನೊರೀನಳ ಕಡೆ ಕೈ ಮಾಡಿದಳು. "ಮಣ್ಣು ಮಣ್ಣು ಅಂತ ಬೆಳಿಗ್ಗೆಯಿಂದ ನನ್ನ ಜೀವ ತಿಂತಿದಾಳೆ. ಇವಳಿಗೇ ಏನೋ ಹೇಳಿರ್ಬೇಕು."

ಗ್ಯಾರೆತ್ ಹತ್ತಿರ ಬಂದ. ಅವನ ದನಿ ಮೆತ್ತಗಿತ್ತು. "ಹೌದಾ ನೊರೀನ್? ವಿಲ್ಫ್ ಸುಡೋ ವಿಷಯ ಮಾತಾಡಿದ್ರಾ? ಮಾತಾಡಿದ್ರೆ ನನಗೆ ತಿಳಿಸಿರಬೇಕಿತ್ತಲ್ಲ."

ಕೇಳಿದ್ದು ಅಷ್ಟೇ. ಹೌದೆಂದರೆ ವಿಲ್ಫ್‌ಗೆ ಮಣ್ಣು ಸಿಗುತ್ತದೆ. ಹೌದೆಂದರೆ ಶುಕ್ರವಾರದ ಹೊತ್ತಿಗೆ ಮನೆ ಹೋಗುತ್ತದೆ, ಐದು ಗಂಡಸರು ಚೀಲ ಹೊತ್ತುಕೊಂಡು ಮಳೆಯಲ್ಲಿ ನಿಲ್ಲುತ್ತಾರೆ. ನೊರೀನ್ ಡಗಿಯ ಕಡೆ ನೋಡಿದಳು. ಅಂದು ತಟ್ಟೆ ತೊಳೆಯುತ್ತಿದ್ದ ಡಗಿಗೆ ಎಲ್ಲ ಕೇಳಿಸಿತ್ತು. ಅವನು ತನ್ನ ಬೂಟಿನ ತುದಿಯನ್ನೇ ದಿಟ್ಟಿಸುತ್ತಿದ್ದ, ತುಟಿ ಅದುರುತ್ತಿತ್ತು. ಹೇಳಿ ಎಂದನೋ ಹೇಳಬೇಡಿ ಎಂದನೋ ಅವಳಿಗೆ ತಿಳಿಯಲಿಲ್ಲ. ಸತ್ತವನಿಗೆ ಚಳಿಯಾಗುವುದಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

"ಇಲ್ಲಪ್ಪ," ಎಂದಳು. "ನಮ್ಮನೇಲಿ ಅವನು ಯಾವತ್ತೂ ಆ ಮಾತು ಆಡಲಿಲ್ಲ."

"ನಾನೂ ಅದನ್ನೇ ಎಲ್ಲರಿಗೂ ಹೇಳೋದು," ಎಂದು ಗ್ಯಾರೆತ್ ಸಮಾಧಾನದಿಂದ ಅವಳ ಭುಜ ತಟ್ಟಿದ. "ಇಷ್ಟು ಚೆನ್ನಾಗಿ ಹೊಂದಿಕೊಂಡೋನನ್ನ ನಾನು ಬೇರೆ ನೋಡಿಲ್ಲ."

ಒಳಗೆ ಪಾದ್ರಿ ವಿಲ್ಫ್‌ನ ಹೆಸರನ್ನು ಎರಡು ಸಲ ತಪ್ಪು ಹೇಳಿದ. ಡಗಿ ಎದ್ದು ಹೋಗಿ ಬಕೆಟ್ಟನ್ನು ಪೆಟ್ಟಿಗೆಯ ಬುಡದಲ್ಲಿಟ್ಟು ಬಂದ. ಹೂವಿದ್ದುದರಿಂದ ಯಾರೂ ತಡೆಯಲಿಲ್ಲ. ಪೆಟ್ಟಿಗೆಯನ್ನು ಬೆಂಕಿಗೆ ಕಳಿಸುವ ಮುನ್ನ ಅದರ ಮುಂದಿನ ಪರದೆ ಮುಚ್ಚಿಕೊಳ್ಳತೊಡಗಿದಾಗ ನೊರೀನ್ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡಳು. ಅಲ್ಲಿ ಕೇಳಿಸುವಂಥದ್ದೇನೂ ಇರಲಿಲ್ಲ. ಆದರೂ ಕೈ ತೆಗೆಯಲು ಅವಳಿಗೆ ಧೈರ್ಯವಾಗಲಿಲ್ಲ.

ಹೊರಗೆ ಗ್ಯಾರೆತ್ ಕಾರಿನ ಬೀಗ ತೆಗೆಯುತ್ತ, "ಇವತ್ತಿನ ದಿನ ಕೆಡಿಸೋದು ಬೇಡ ಅಂತ ಸುಮ್ಮನಿದ್ದೆ ನೊರೀನ್," ಎಂದ. "ಶುಕ್ರವಾರ ಹೇಗೂ ತಿಳಿಯುತ್ತೆ. ಮೂಲೇಲಿ ಆ ಕಾರ್ಪೆಟ್ ಅಂಗಡಿ ಇತ್ತಲ್ಲ, ಅಲ್ಲಿ ಶಿಶುವಿಹಾರ ಬರ್ತಿದೆ. ಮಕ್ಕಳಿರೋ ಕಡೆ ಇಂಥ ಮನೆ ಇರೋ ಹಾಗಿಲ್ಲ. ಹೋದ ವಾರವೇ ತೀರ್ಮಾನ ಆಯ್ತು. ತಿಂಗಳ ಕೊನೆಗೆ ಮುಚ್ಚಬೇಕು. ನಿಮ್ಮ ತಪ್ಪೇನೂ ಇಲ್ಲ, ನಿಮ್ಮ ಕೆಲಸಕ್ಕೆ ಒಂದು ಕಪ್ಪು ಚುಕ್ಕೆ ಇಲ್ಲ."

"ಹೋದ ವಾರ," ಎಂದಳು ನೊರೀನ್.

"ಹೂಂ. ಬುಧವಾರ."

ವಿಲ್ಫ್ ಸತ್ತದ್ದು ಅದರ ಮರುದಿನ. ಅವಳು ತಿರುಗಿ ಚಿತಾಗಾರದ ಬಾಗಿಲ ಕಡೆ ನಾಲ್ಕು ಹೆಜ್ಜೆ ಓಡಿದಳು. ಅಷ್ಟರಲ್ಲಿ ಬ್ಲೀಸ್ಡೇಲನ ಆಳು ಒಳಗಿನಿಂದ ಕೆಂಪು ಬಕೆಟ್ಟು ಹಿಡಿದು ಹೊರಬಂದ. ಹೂಗಳು ಪೆಟ್ಟಿಗೆಯ ಜೊತೆ ಹೋಗಿದ್ದವು.

"ಇದು ಯಾರ್ದು? ಒಳಗೆ ಶುರು ಮಾಡಿಯಾಯ್ತು. ಇದು ಅಡ್ಡ ಇತ್ತು."

ಡಗಿ ಮುಂದೆ ಬರಲಿಲ್ಲ. ನೊರೀನ್ ಕೈ ಚಾಚಿ ಇಸಿದುಕೊಂಡಳು.

"ಹ್ಯಾಮ್ ಒಣಗುತ್ತೆ, ಬೇಗ ಹೊರಡಿ!" ಎಂದು ಹಿಲ್ಡಾ ಇನ್ನೊಂದು ಕಾರಿನಿಂದ ಕೂಗಿದಳು.

"ನೀರು ಇಲ್ಲೇ ಚೆಲ್ಲಿಬಿಡಿ ನೊರೀನ್," ಎಂದ ಗ್ಯಾರೆತ್. "ಇನ್ಯಾಕೆ ಅದು?"

ನೊರೀನ್ ಹಿಂದಿನ ಸೀಟಿನಲ್ಲಿ ಕೂತಳು. ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ತೋಳುಗಳಿಂದ ಬಳಸಿ ಹಿಡಿದಳು. ಹಳದಿ ಗೋಡೆಯ ಮೂಲೆಯಲ್ಲಿ ಕಾರು ತಿರುಗಿದಾಗ ನೀರು ತುಳುಕಿ ಅವಳ ಕಪ್ಪು ಲಂಗ ತೊಯ್ದು, ಮೊಣಕಾಲಿನಿಂದ ಇಳಿದು, ಹೊಸ ಸೀಟಿಗೆ ಹರಿಯಿತು. ಗ್ಯಾರೆತ್ ಕನ್ನಡಿಯಲ್ಲಿ ನೋಡಿ ಏನೋ ಹೇಳಿದ. ಅವಳು ಬಕೆಟ್ಟನ್ನು ಇನ್ನೂ ಬಿಗಿಯಾಗಿ ಎದೆಗೆ ಒತ್ತಿಕೊಂಡು, ಉಳಿದ ನೀರು ಚೆಲ್ಲದಂತೆ ಅದನ್ನೇ ನೋಡುತ್ತ ಕೂತಿದ್ದಳು.